ಮಗಳು ತಾಂಜಾನಿಯಾಕ್ಕೆ ಪಾಠ ಹೇಳಲು ಹೊರಟಾಗ

ಓದುಗರ ಪತ್ರ: "ನನ್ನ ಮಗಳು ಬಿ.ಎಸ್ಸಿ., ಬಿ.ಎಡ್. ಮಾಡಿ ಎರಡು ವರ್ಷದಿಂದ ಇಲ್ಲೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಾಳೆ. ಈಗ ಚರ್ಚಿನ ಮೂಲಕ ತಾಂಜಾನಿಯಾದ ತಬೋರಾ ಕಡೆಯ ಒಂದು ಹೈಸ್ಕೂಲಿಗೆ ಎರಡು ವರ್ಷ ಸ್ವಯಂಸೇವಕಿಯಾಗಿ ಹೋಗುತ್ತೇನೆ ಅನ್ನುತ್ತಾಳೆ. ಸಂಬಳ ಇಲ್ಲ, ಊಟ ವಸತಿ ಮಾತ್ರ. ಬಡ ಮಕ್ಕಳು ಇಲ್ಲೇ ಇಲ್ಲವೇ? ಅಲ್ಲಿ ದಿನವಿಡೀ ಅವಳು ಏನು ಮಾಡುತ್ತಾಳೆ? ನೀವು ಆ ಕಡೆ ಇದ್ದವರು ಎಂದು ಕೇಳಿ ಬರೆಯುತ್ತಿದ್ದೇನೆ." - ಒಬ್ಬ ತಾಯಿ, ಉಡುಪಿ ಜಿಲ್ಲೆ

ಸಂಪಾದಕರ ಉತ್ತರ:

ನೀವು ಕೇಳಿದ್ದು ನಿಜ. ತಬೋರಾದಿಂದ ಬಸ್ಸಿನಲ್ಲಿ ಎರಡು ಗಂಟೆ ದೂರದ ಒಂದು ಚರ್ಚ್ ಶಾಲೆಯಲ್ಲಿ ನಾನು ಎರಡು ವರ್ಷ ಇದ್ದೆ. ದಿನ ಹೇಗೆ ಕಳೆಯುತ್ತದೆ ಅನ್ನೋದರಿಂದಲೇ ಶುರು ಮಾಡುತ್ತೇನೆ.

ಬೆಳಗ್ಗೆ ಐದೂವರೆಗೆ ಗಂಟೆ ಬಾರಿಸುತ್ತಾರೆ. ಗಂಟೆ ಅಂದರೆ ಮಾವಿನ ಮರಕ್ಕೆ ನೇತುಹಾಕಿದ ಹಳೇ ಲಾರಿ ಚಕ್ರದ ರಿಮ್ಮು. ಹಾಸ್ಟೆಲ್ ಮಕ್ಕಳು ಅಂಗಳ ಗುಡಿಸುತ್ತಾರೆ, ನೀರು ಹೊರುತ್ತಾರೆ. ನಿಮ್ಮ ಮಗಳೂ ತನ್ನ ಎರಡು ಬಕೆಟ್ ಹೊರಬೇಕು. ದಾರಿಯಲ್ಲಿ ಸಿಕ್ಕ ಪ್ರತಿ ಮಗುವೂ "ಶಿಕಾಮೋ" ಅನ್ನುತ್ತದೆ. ನಿಮ್ಮ ಕಾಲು ಹಿಡಿಯುತ್ತೇನೆ ಅಂತ ಅದರ ಮೂಲ ಅರ್ಥವಂತೆ. ನಾವು ಹಿರಿಯರ ಕಾಲು ಮುಟ್ಟಿ ನಮಸ್ಕಾರ ಮಾಡುತ್ತೇವಲ್ಲ, ಹಾಗೆ. ಅದಕ್ಕೆ "ಮರಹಬ" ಎಂದು ಉತ್ತರ ಕೊಡಲೇಬೇಕು. ಸುಮ್ನೆ ತಲೆ ಆಡಿಸಿ ಹೋದರೆ ಮಗುವಿನ ಮುಖ ಸಣ್ಣದಾಗುತ್ತದೆ.

ಹತ್ತು ಗಂಟೆಗೆ ಊಜಿ ಎನ್ನುವ ಗಂಜಿ. ಮಧ್ಯಾಹ್ನ ಉಗಾಲಿ ಮತ್ತು ಹುರುಳಿಕಾಯಿ ಬೀಜದ ಸಾರು. ಉಗಾಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಕುಚ್ಚಲಕ್ಕಿ ಅನ್ನ ಉಂಡು ಬೆಳೆದವಳಿಗೆ ಮೊದಲ ತಿಂಗಳು ಕಷ್ಟವೇ. ಆದರೆ ಗಂಜಿಯನ್ನು ಕೆಲವು ಕಡೆ ಉಲೇಜಿ ಹಿಟ್ಟಿನಲ್ಲಿ ಮಾಡುತ್ತಾರೆ. ಉಲೇಜಿ ಅಂದರೆ ನಮ್ಮ ರಾಗಿ! ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದಲೇ ನಮ್ಮ ಕಡೆಗೆ ಬಂದದ್ದು. ಆ ಬಟ್ಟಲು ಕೈಗೆ ಬಂದ ದಿನ ನನಗೆ ಎಷ್ಟೋ ಸಮಾಧಾನವಾಗಿತ್ತು.

ಇನ್ನು ತರಗತಿ. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಿಮ್ಮ ಮಗಳ ನಿಜವಾದ ಕೆಲಸ ಇಲ್ಲೇ ಇರೋದು.

ತಾಂಜಾನಿಯಾದ ಸರ್ಕಾರಿ ಶಾಲೆಗಳಲ್ಲಿ ಏಳನೇ ತರಗತಿವರೆಗೆ ಎಲ್ಲ ಪಾಠ ಸ್ವಾಹಿಲಿಯಲ್ಲಿ. ಹೈಸ್ಕೂಲಿನ ಮೊದಲ ವರ್ಷ, ಅಂದರೆ ಫಾರ್ಮ್ ಒನ್‌ಗೆ ಬಂದ ತಕ್ಷಣ ಎಲ್ಲವೂ ಇಂಗ್ಲಿಷ್. ನನ್ನ ಫಾರ್ಮ್ ಒನ್‌ನಲ್ಲಿ 63 ಮಕ್ಕಳಿದ್ದರು. ಮೊದಲ ವಾರ ನಾನು ಭಿನ್ನರಾಶಿ ಕಲಿಸಿದೆ. ಎರಡನೇ ಬೆಂಚಿನ ಒಬ್ಬ ಹುಡುಗಿ ಬೋರ್ಡಿನ ಮೇಲಿದ್ದ ಪ್ರತಿ ಅಕ್ಷರವನ್ನೂ ಮುತ್ತು ಪೋಣಿಸಿದ ಹಾಗೆ ಬರೆದುಕೊಂಡಿದ್ದಳು. ತಲೆಬರಹಕ್ಕೆ ಸ್ಕೇಲ್ ಇಟ್ಟು ಕೆಂಪು ಗೆರೆ ಬೇರೆ. ನನಗೆ ಖುಷಿಯೋ ಖುಷಿ. ಒಂದು ಸಾಲು ತೋರಿಸಿ ಹೀಗಂದರೇನು ಎಂದು ಕೇಳಿದೆ. ಅವಳು ಎದ್ದು ನಿಂತಳು. ಕೈಬೆರಳು ಆ ಸಾಲಿನ ಮೇಲೇ ಇತ್ತು. ಮಾತು ಬರಲಿಲ್ಲ. ಒಂದು ಪದವೂ ಅವಳಿಗೆ ಅರ್ಥವಾಗಿರಲಿಲ್ಲ.

ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿಗೆ ಸೇರಿದ ಮೊದಲ ದಿನ ಫಿಸಿಕ್ಸ್ ತರಗತಿಯಲ್ಲಿ ನಾನೂ ಹಾಗೇ ನಿಂತಿದ್ದೆ. ವೇಗ, ವೇಗೋತ್ಕರ್ಷ ಎಲ್ಲ ಗೊತ್ತಿತ್ತು. ಆದರೆ ಕೇಳಿದ್ದು ಅದನ್ನೇ ಅಂತ ಗೊತ್ತಾಗಲಿಲ್ಲ. ಆ ಹುಡುಗಿ ಮಾತು ಬಾರದೆ ನಿಂತ ದಿನ ರಾತ್ರಿಯೇ ಶಾಲೆಯ ಅಡುಗೆಯವರ ಹತ್ತಿರ ಕೂತು ಸ್ವಾಹಿಲಿ ಕಲಿಯಲು ಶುರು ಮಾಡಿದೆ. ಕೂಡು, ಕಳೆ, ಭಾಗ, ಸಮ. ಆಮೇಲೆ ಪ್ರತಿ ಪಾಠವನ್ನೂ ಮೊದಲು ಸ್ವಾಹಿಲಿಯಲ್ಲಿ ತಪ್ಪುತಪ್ಪಾಗಿ ಹೇಳುತ್ತಿದ್ದೆ, ಮಕ್ಕಳು ತಿದ್ದುತ್ತಿದ್ದರು, ನಂತರ ಇಂಗ್ಲಿಷಿನಲ್ಲಿ. ನವೆಂಬರ್ ಹೊತ್ತಿಗೆ ಆ ಹುಡುಗಿ ತಾನೇ ಕೈ ಎತ್ತುತ್ತಿದ್ದಳು.

ಭಾಷೆ ಮಾತ್ರ ಅಲ್ಲ, ಗಡಿಯಾರವೂ ಬೇರೆ. ಅವರು ಗಂಟೆ ಎಣಿಸೋದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಒಂದು ಶನಿವಾರ ವಿಶೇಷ ತರಗತಿಗೆ "ಸಾ ಮ್ಬಿಲಿ", ಎರಡು ಗಂಟೆಗೆ, ಎಂದು ನಾನೇ ಹೇಳಿದ್ದೆ. ಮಧ್ಯಾಹ್ನ ಎರಡಕ್ಕೆ ಹೋದೆ. ಮಕ್ಕಳು ಬೆಳಗ್ಗೆ ಎಂಟರಿಂದ ಕಾಯುತ್ತಿದ್ದರು. ಕೆಲವರು ಆರು ಕಿಲೋಮೀಟರ್ ನಡೆದು ಬಂದವರು. ಯಾರೂ ಮನೆಗೆ ಹೋಗಿರಲಿಲ್ಲ. ನಾನು ಬೆವರುತ್ತಾ ಒಳಗೆ ಬಂದದ್ದು ನೋಡಿ "ಪೋಲೆ, ಮ್ವಾಲಿಮು" ಅಂದರು. ಪಾಪ, ಮೇಷ್ಟ್ರೇ ಅಂತ. ಇವತ್ತಿಗೂ ಅದು ನೆನಪಾದರೆ ಗಂಟಲು ಕಟ್ಟುತ್ತದೆ.

ಮ್ವಾಲಿಮು ಅಂದರೆ ಶಿಕ್ಷಕ. ಆ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಅವರನ್ನು ಜನ ಇವತ್ತಿಗೂ ಕರೆಯೋದು ಮ್ವಾಲಿಮು ಎಂದೇ. ಅವರು ಕಥೋಲಿಕರು. ರಾಜಕೀಯಕ್ಕೆ ಬರುವ ಮೊದಲು ಇದೇ ತಬೋರಾದ ಸೇಂಟ್ ಮೇರೀಸ್ ಶಾಲೆಯಲ್ಲಿ ಪಾಠ ಮಾಡಿದವರು. ನಿಮ್ಮ ಮಗಳನ್ನೂ ಅದೇ ಹೆಸರಿನಿಂದ ಕರೆಯುತ್ತಾರೆ. ಆ ಹೆಸರಿಗೆ ಅಲ್ಲಿ ಎಷ್ಟು ತೂಕವಿದೆ ಅಂತ ಅವಳಿಗೆ ಗೊತ್ತಿರಲಿ.

ಕಷ್ಟದ್ದನ್ನೂ ಹೇಳಿಬಿಡುತ್ತೇನೆ. ನಮ್ಮವರು ಅಲ್ಲಿ "ಮ್ಹಿಂದಿ". ಮ್ಹಿಂದಿ ಅಂದರೆ ಅಂಗಡಿ ಇಟ್ಟವನು ಎಂದೇ ಹಳ್ಳಿಯಲ್ಲಿ ಲೆಕ್ಕ. ಅಂಗಡಿಗೆ ಅವರು ಹೇಳುವ ದುಕಾ ಎಂಬ ಮಾತೇ ನಮ್ಮ ದುಕಾನು. ಹಾಗಾಗಿ ಸಂಬಳವಿಲ್ಲದೆ ಬಂದವಳನ್ನು ನಂಬಲು ಅವರಿಗೆ ಸಮಯ ಬೇಕು. ಬೆತ್ತದ ಪ್ರಶ್ನೆಯೂ ಎದುರಾಗುತ್ತದೆ. ಅಲ್ಲಿ ಶಾಲೆಯಲ್ಲಿ ಹೊಡೆಯಲು ಕಾನೂನಿನಲ್ಲೇ ಅವಕಾಶವಿದೆ. ನಾನು ಹೊಡೆಯುವುದಿಲ್ಲ ಎಂದು ಮೊದಲ ದಿನವೇ ಹೇಳಿದೆ. ಆದರೆ ಪಕ್ಕದ ಕೋಣೆಯ ಸದ್ದು ಕೇಳುತ್ತಾ ಪಾಠ ಮುಂದುವರಿಸಿದ ದಿನಗಳಿವೆ. ಆಗಲೇ ಎದ್ದು ಹೋಗಿ ಮಾತಾಡಬೇಕಿತ್ತು. ಮಾತಾಡಲು ನನಗೆ ಒಂದು ವರ್ಷ ಬೇಕಾಯಿತು.

ಮಲೇರಿಯಾ ಬಂದಾಗ ಐದು ದಿನ ಮಲಗಿದ್ದೆ. ಅಲ್ಲಿ ಹತ್ತಾರು ಮನೆಗಳು ಸೇರಿ ಜುಮುಯಿಯಾ ಎಂಬ ಚಿಕ್ಕ ಕ್ರೈಸ್ತ ಸಮುದಾಯ ಇರುತ್ತದೆ. ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಪ್ರಾರ್ಥನೆ. ಆ ಹೆಂಗಸರು ಬಂದು, "ಹೋಡಿ" ಎಂದು ಬಾಗಿಲಲ್ಲಿ ಕೂಗಿ, ಒಳಗೆ ಬಂದು ಚಾಪೆ ಮೇಲೆ ಸುಮ್ಮನೆ ಕೂತರು. ಮಾತಿಲ್ಲ. ಹೋಗುವಾಗ ಒಬ್ಬರು ಕಾಂಗಾ ಬಟ್ಟೆಯ ಗಂಟು ಬಿಚ್ಚಿ ನಾಲ್ಕು ಮೊಟ್ಟೆ ಇಟ್ಟರು. ಆ ಮನೆಯಲ್ಲಿ ಮಕ್ಕಳಿಗೇ ಮೊಟ್ಟೆ ಸಿಗೋದು ಅಪರೂಪ. ಬೇಡ ಅನ್ನಲು ನನಗೆ ಹಕ್ಕಿರಲಿಲ್ಲ. ತಿಂದೆ.

ಬಡ ಮಕ್ಕಳು ಇಲ್ಲಿಲ್ಲವೇ ಎಂದು ಕೇಳಿದ್ದೀರಿ. ಇದ್ದಾರೆ. ದೂರ ಹೋದರೆ ಸೇವೆ ದೊಡ್ಡದಾಗುತ್ತದೆ ಅಂತ ನಾನು ನಂಬಿಲ್ಲ. ಆದರೆ 1878ರ ಕೊನೆಗೆ ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರುಗಳು ಮಂಗಳೂರಿಗೆ ಬಂದಿಳಿದಾಗ, ಇಟಲಿಯಲ್ಲಿ ಬಡ ಮಕ್ಕಳು ಇರಲಿಲ್ಲವೇ? 1880ರಲ್ಲಿ ಅವರು ಸೇಂಟ್ ಅಲೋಶಿಯಸ್ ಕಾಲೇಜು ಶುರು ಮಾಡಿದರು. ಅವರಲ್ಲಿ ಒಬ್ಬರಾದ ಆಂಜೆಲೊ ಮಾಫೇಯಿ 1882ಕ್ಕೆ ಕೊಂಕಣಿಯ ವ್ಯಾಕರಣವನ್ನೇ ಅಚ್ಚು ಹಾಕಿಸಿದರು. ಮೊದಲು ನಮ್ಮ ಮಾತು ಕಲಿತರು, ಅಲ್ವಾ? ನಿಮ್ಮ ಮಗಳಿಗೆ ನಾನು ಹೇಳೋದೂ ಅಷ್ಟೇ. ಎರಡು ತಿಂಗಳಿಗೆ ಹೋಗುತ್ತೇನೆ ಅಂದಿದ್ದರೆ ಬೇಡ ಅನ್ನುತ್ತಿದ್ದೆ. ಅಷ್ಟರಲ್ಲಿ ಮಕ್ಕಳ ಹೆಸರು ಕಲಿಯೋದೂ ಆಗೋದಿಲ್ಲ, ಸಿಲಬಸ್ ಅರ್ಧಕ್ಕೆ ನಿಲ್ಲುತ್ತದೆ. ಎರಡು ವರ್ಷ ಅಂದಿದ್ದಾಳೆ, ಆದ್ದರಿಂದ ಕಳಿಸಿ ಅನ್ನುತ್ತೇನೆ.

ಕಳಿಸುವ ಮೊದಲು ಕೆಲವು ವಿಷಯ ಕಾಗದದ ಮೇಲೆ ಕೇಳಿ ಪಡೆಯಿರಿ. ಸ್ವಯಂಸೇವಕರಿಗೆ ಅಲ್ಲಿ 'ಸಿ' ವರ್ಗದ ವಾಸದ ಪರವಾನಗಿ ಬೇಕು, ಅದನ್ನು ಯಾರು ಮಾಡಿಸುತ್ತಾರೆ? ಆರೋಗ್ಯ ವಿಮೆ ಯಾರದು? ಅವಳ ಜೊತೆ ಇನ್ನೊಬ್ಬ ಹೆಣ್ಣುಮಗಳು ಇರುತ್ತಾಳಾ? ತೊಂದರೆಯಾದರೆ ಶಾಲೆಯ ಹೊರಗೆ ಯಾರಿಗೆ ಫೋನ್ ಮಾಡಬೇಕು? ಇದಕ್ಕೆ ನೇರ ಉತ್ತರ ಕೊಡದ ಸಂಸ್ಥೆಯಾದರೆ, ಎಷ್ಟೇ ಒಳ್ಳೆಯ ಹೆಸರಿದ್ದರೂ ಮಗಳನ್ನು ಕಳಿಸಬೇಡಿ.

ಅಲ್ಲಿಗೂ ಇಲ್ಲಿಗೂ ಎರಡೂವರೆ ಗಂಟೆ ವ್ಯತ್ಯಾಸ. ಅವಳು ರಾತ್ರಿ ಎಂಟಕ್ಕೆ ಬಿಡುವಾದರೆ ನಿಮಗೆ ಹತ್ತೂವರೆ. ಸ್ವಲ್ಪ ಎಚ್ಚರ ಇರಬೇಕಾಗುತ್ತದೆ. ಮೊಂತಿ ಹಬ್ಬದ ದಿನ, ಸೆಪ್ಟೆಂಬರ್ 8ಕ್ಕೆ, ಹೊಸ ತೆನೆಯ ಊಟ ನೆನಪಾಗಿ ಅವಳು ಫೋನಿನಲ್ಲಿ ಅಳಬಹುದು. ಗಾಬರಿಯಾಗಬೇಡಿ. ಕ್ರಿಸ್ಮಸ್‌ಗೆ ಕುಸ್ವಾರ್, ಅಂದರೆ ಹಬ್ಬದ ತಿಂಡಿಗಳನ್ನು, ಕಳಿಸಲು ಆಗೋದಿಲ್ಲ. ಮೈದಾ, ಸಕ್ಕರೆ, ಎಣ್ಣೆ, ತೆಂಗಿನಕಾಯಿ ತಬೋರಾ ಮಾರ್ಕೆಟ್ಟಿನಲ್ಲಿ ಸಿಗುತ್ತವೆ. ಹೊರಡುವ ಮೊದಲು ಕುಸ್ವಾರಿನಲ್ಲಿ ಒಂದಾದ ಕಿಡಿಯೊ ಎಂಬ ಕರಿದ ಸಿಹಿ ತಿಂಡಿ ಮಾಡೋದನ್ನು ಅವಳಿಗೆ ಕಲಿಸಿ, ಅಳತೆಯನ್ನು ನಿಮ್ಮ ಕೈಯಲ್ಲೇ ಬರೆದು ಕೊಡಿ. 63 ಮಕ್ಕಳಿಗೆ ಸಾಕಾಗುವ ಅಳತೆ.