ಮೂರು ಲಕ್ಷ ವಸ್ತುಗಳಲ್ಲಿ ಒಂದಾದರೂ ಕಾಣಬೇಕಲ್ಲ

ಮಾನ್ಯರೇ,

ವಿಜ್ಞಾನ ಕಥೆಗಳ ಅಭಿಮಾನಿ, ಅಮೆರಿಕದ ಫಾರೆಸ್ಟ್ ಜೆ ಅಕರ್‌ಮನ್ ಅವರ ಬದುಕನ್ನು ಕುರಿತ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ವಿಜ್ಞಾನ ಕಥೆಗಾರರನ್ನು ಬಿಟ್ಟು ಒಬ್ಬ ಅಭಿಮಾನಿಯನ್ನು ಆರಿಸಿಕೊಂಡದ್ದು ಒಳ್ಳೆಯ ಯೋಚನೆ, ಭಾಷೆಯೂ ಶುದ್ಧವಾಗಿದೆ. ಆದರೂ ಎರಡು ಕಡೆ ನನಗೆ ನಿಜವಾಗಿಯೂ ಬೇಸರವಾಯಿತು.

“ವಿಜ್ಞಾನ ಸಾಹಿತ್ಯದ ಧ್ರುವತಾರೆ, ಮಹಾನ್ ಸಾಹಿತಿ, ಹ್ಯೂಗೋ ಪ್ರಶಸ್ತಿ ಪುರಸ್ಕೃತ” ಎಂದು ಆರಂಭಿಸಿದ್ದೀರಿ. ಅವರು ಕಥೆ ಬರೆದದ್ದುಂಟು, ಆದರೆ ಹೆಸರು ಉಳಿದದ್ದು ಅದರಿಂದಲ್ಲ. 1926ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ‘ಅಮೇಜಿಂಗ್ ಸ್ಟೋರೀಸ್’ ಎಂಬ ವಿಜ್ಞಾನ ಕಥೆಗಳ ಪತ್ರಿಕೆಗೆ ಮನಸೋತ ಆ ಹುಡುಗ 2008ರಲ್ಲಿ ತೀರಿಕೊಳ್ಳುವವರೆಗೂ ಓದುಗನಾಗಿಯೇ ಇದ್ದು, ಇತರರನ್ನು ಓದಿಗೆ ಎಳೆದುತಂದರು. ಆಗಿನ್ನೂ ಹೆಸರು ಮಾಡದ ಲೇಖಕ ರೇ ಬ್ರಾಡ್‌ಬರಿ 1939ರಲ್ಲಿ ನ್ಯೂಯಾರ್ಕಿನ ವಿಜ್ಞಾನ ಕಥೆಗಳ ಸಮ್ಮೇಳನಕ್ಕೆ ಹೋಗಲು ಕೈಗಡ ಕೊಟ್ಟರು. ವಿಜ್ಞಾನ ಕಥಾಲೋಕದ ಪ್ರಶಸ್ತಿಯಾದ ಹ್ಯೂಗೋ 1953ರಲ್ಲಿ ಅವರಿಗೆ ಬಂದದ್ದು ಸಾಹಿತಿಯೆಂದಲ್ಲ, ಅಗ್ರ ಅಭಿಮಾನಿಯೆಂದು. ಅದನ್ನೂ ಅವರು ಬ್ರಿಟನ್ನಿನ ಅಭಿಮಾನಿ ಕೆನ್ ಸ್ಲೇಟರ್‌ಗೆ ಸಲ್ಲಬೇಕೆಂದು ಬಿಟ್ಟುಕೊಟ್ಟರು. ನಿಮ್ಮ ‘ಪುರಸ್ಕೃತ’ ಎಂಬ ಒಂದೇ ಪದ ಇಷ್ಟನ್ನೂ ನುಂಗಿಹಾಕಿದೆ.

ಇನ್ನೊಂದು ಸಾಲು: “ಅವರ ಮನೆಯಲ್ಲಿ ಸುಮಾರು ಮೂರು ಲಕ್ಷ ವಸ್ತುಗಳಿದ್ದವು, ಅವರ ಕೊಡುಗೆ ಅಪಾರ.” ಪುಸ್ತಕ, ಸಿನಿಮಾ ಸಾಮಗ್ರಿ ಎಂದೆಲ್ಲ ಅವರು ಕೂಡಿಟ್ಟ ಆ ಮೂರು ಲಕ್ಷದಲ್ಲಿ ಒಂದೂ ನನ್ನ ಕಣ್ಣಿಗೆ ಕಾಣಲಿಲ್ಲ. ಡ್ರಾಕುಲಾ ಪಾತ್ರಧಾರಿ ಬೆಲಾ ಲುಗೋಸಿಯ ಉಂಗುರವನ್ನು ಬೆರಳಲ್ಲಿ ತೊಟ್ಟು, ಶನಿವಾರಗಳಂದು ಹದಿನೆಂಟು ಕೋಣೆಗಳ ಮನೆಯ ಬಾಗಿಲು ತೆರೆದು, ಗುರುತು ಪರಿಚಯವಿಲ್ಲದವರನ್ನೂ ಒಳಗೆ ಕರೆದು, ಬಿಡಿಗಾಸೂ ಪಡೆಯದೆ ಒಂದೊಂದನ್ನೇ ತೋರಿಸುತ್ತಿದ್ದ ಮನುಷ್ಯ ನಿಮ್ಮ ಲೇಖನದಲ್ಲಿ ಎಲ್ಲಿದ್ದಾರೆ?

ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸದರಲ್ಲಿ, ತೀರಿಕೊಂಡ ನಮ್ಮೂರ ಗ್ರಂಥಪಾಲಕರ ಬಗ್ಗೆ ನಾನೂ ‘ಜ್ಞಾನದಾಸೋಹಿ’ ಎಂದೇ ಬರೆದಿದ್ದೆ. ಹಿರಿಯ ಉಪಸಂಪಾದಕರು ಆ ಪದದ ಮೇಲೆ ಕೆಂಪು ಗೀಟೆಳೆದು, “ಅವರು ನಿನಗೆ ಯಾವ ಪುಸ್ತಕ ಕೊಟ್ಟರಪ್ಪಾ?” ಎಂದು ಕೇಳಿದರು. ಆ ಗ್ರಂಥಪಾಲಕರು ಕಿತ್ತುಹೋದ ರಟ್ಟಿಗೆ ಮೈದಾ ಅಂಟು ಹಚ್ಚಿ, ಒಣಗಿಸಿ, ನಾನು ಶಾಲೆಯಿಂದ ಬರುವವರೆಗೆ ಮೇಜಿನ ಖಾನೆಯಲ್ಲಿ ಎತ್ತಿಡುತ್ತಿದ್ದ ಒಂದು ಪುಸ್ತಕ ನೆನಪಾಯಿತು. ಅಂದು ರಾತ್ರಿ ಕಚೇರಿಯಲ್ಲೇ ಕುಳಿತು ಆ ಅಂಟಿನ ವಾಸನೆಯಿಂದಲೇ ಮತ್ತೆ ಬರೆಯತೊಡಗಿದೆ.

ನಿಮ್ಮ ಮೊದಲ ಪುಟವನ್ನು ತೆಗೆದುಹಾಕಿ. 1954ರಲ್ಲಿ ಕಾರಿನ ರೇಡಿಯೋದಲ್ಲಿ ‘ಹೈ-ಫೈ’ ಎಂಬ ಮಾತು ಕೇಳಿ ಅಕರ್‌ಮನ್ ಬಾಯಿಂದ ‘ಸೈನ್ಸ್ ಫಿಕ್ಷನ್’ಗೆ ‘ಸೈ-ಫೈ’ ಎಂಬ ಚುಟುಕು ಹೆಸರು ಹೊರಟ ಪ್ರಸಂಗವನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದನ್ನು ಬಿಡಿಸಿ ಬರೆಯಿರಿ. ಆರಂಭ ಮಾತ್ರ ಶನಿವಾರದ ಆ ಬಾಗಿಲಿನಿಂದಲೇ ಆಗಲಿ. ತಿದ್ದಿ ಕಳಿಸಿದರೆ ನಾನೇ ಮೊದಲು ಓದುತ್ತೇನೆ.

ಇಂತಿ,
ಸಂಪಾದಕ