ಹಗುರವಾದ ಹುಟ್ಟು, ನೋಯುವ ಮಣಿಕಟ್ಟು

ಪ್ರಶ್ನೆ: ಶಾಂತ ನೀರಿನಲ್ಲಿ ಕಯಾಕ್ (ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ನಡೆಸುವ ಕಿರಿದಾದ ದೋಣಿ) ನಡೆಸುವ ನಾನು ಅಲ್ಯೂಮಿನಿಯಂ ಹುಟ್ಟನ್ನು ಬಿಟ್ಟು, ಅದಕ್ಕಿಂತ ಸುಮಾರು 300 ಗ್ರಾಂ ಹಗುರವಾದ, 230 ಸೆಂ.ಮೀ. ಉದ್ದದ ಕಾರ್ಬನ್ ಫೈಬರ್ ಹುಟ್ಟನ್ನು ಕೊಂಡೆ. ಅದರ ಎರಡು ಅಲಗುಗಳ ನಡುವಿನ ತಿರುವು, ಅಂದರೆ ಒಂದಕ್ಕೆ ಹೋಲಿಸಿದರೆ ಇನ್ನೊಂದು ತಿರುಗಿರುವ ಕೋನ, 60 ಡಿಗ್ರಿಯಲ್ಲಿದೆ. ನನ್ನ ಎತ್ತರ 165 ಸೆಂ.ಮೀ., ದೋಣಿಯ ಅಗಲ 60 ಸೆಂ.ಮೀ. ಒಂದು ಗಂಟೆ ಕಳೆಯುವಷ್ಟರಲ್ಲಿ ಬಲಗೈ ಮಣಿಕಟ್ಟು ನೋಯತೊಡಗುತ್ತದೆ. ಹಗುರವಾದ ಹುಟ್ಟಿನಿಂದಲೂ ಹೀಗಾಗುವುದೇಕೆ?

ಉತ್ತರ: ನಿಮ್ಮ ವಿವರಣೆಯನ್ನು ನೋಡಿದರೆ, ನೋವಿಗೆ ಮೊದಲ ಕಾರಣ ಆ 60 ಡಿಗ್ರಿಯ ತಿರುವೇ ಇರಬೇಕೆಂದು ತೋರುತ್ತದೆ. ಎದುರುಗಾಳಿಯಲ್ಲಿ ಮೇಲಿರುವ ಅಲಗು ಗಾಳಿಯನ್ನು ಸೀಳಿಕೊಂಡು ಹೋಗಲಿ ಎಂದು ಈ ತಿರುವನ್ನು ಕೊಡುತ್ತಾರೆ. ಆದರೆ ಎಡಬದಿಯ ಅಲಗನ್ನು ನೀರಿಗೆ ನೇರವಾಗಿ ಇಳಿಸಲು ಹುಟ್ಟನ್ನು ಹಿಡಿದು ತಿರುಗಿಸುವ ಬಲಗೈ ಪ್ರತಿ ಸಲವೂ ಹಿಂದಕ್ಕೆ ಮಣಿಯಬೇಕಾಗುತ್ತದೆ. ನಿಮಿಷಕ್ಕೆ 40 ಬಾರಿ ಹುಟ್ಟು ಹಾಕಿದರೆ ಗಂಟೆಗೆ 2,400 ಬಾರಿಯಾಯಿತು, ಅದರಲ್ಲಿ ಅರ್ಧದಷ್ಟು ಸಲ ಮಣಿಕಟ್ಟು ತಿರುಚಿಕೊಳ್ಳುತ್ತದೆ. ನಡುವಿನ ಜೋಡಣೆಯಲ್ಲಿ ಕೋನ ಬದಲಿಸುವ ಸೌಲಭ್ಯವಿದ್ದರೆ ಮೊದಲು 30 ಡಿಗ್ರಿಗೆ, ಸಾಲದಿದ್ದರೆ 15ಕ್ಕೆ ಇಳಿಸಿ ನೋಡಿ. ತಿರುವೇ ಇಲ್ಲದೆ ಹುಟ್ಟು ಹಾಕುವವರೂ ಬೇಕಾದಷ್ಟು ಜನರಿದ್ದಾರೆ.

ಎರಡನೆಯದು ಹಿಡಿತ. ಕಾರ್ಬನ್ ಫೈಬರ್ ಬಹಳ ಬಿಗುವಾದ ವಸ್ತುವಾದ್ದರಿಂದ ಅದು ಬಾಗಿ ಎಳೆತವನ್ನು ತಾನು ನುಂಗಿಕೊಳ್ಳುವುದು ಕಡಿಮೆ. ನೀರಿನ ಪ್ರತಿರೋಧ ನೇರವಾಗಿ ಕೀಲುಗಳಿಗೆ ತಲುಪುತ್ತದೆ. ಗಟ್ಟಿಯಾಗಿ ಹಿಡಿದಷ್ಟೂ ಈ ಹೊರೆ ಹೆಚ್ಚುತ್ತದೆ. ಹೆಬ್ಬೆರಳು ಮತ್ತು ತೋರುಬೆರಳನ್ನು ಉಂಗುರದಂತೆ ಸುತ್ತಿ, ಮುಂದಕ್ಕೆ ತಳ್ಳುವ ಕೈಯ ಉಳಿದ ಬೆರಳುಗಳನ್ನು ಸಡಿಲ ಬಿಡಿ. ಹುಟ್ಟನ್ನು ನೆತ್ತಿಯ ಮೇಲಿಟ್ಟು ಹಿಡಿದಾಗ ಮೊಣಕೈಗಳು ಲಂಬಕೋನದಲ್ಲಿರುವ ಜಾಗವೇ ಕೈಗಳ ಸರಿಯಾದ ಜಾಗ. ಅಲಗನ್ನು ಪಾದದ ಬಳಿ ಇಳಿಸಿ, ಸೊಂಟದ ಬಳಿ ಬಂದೊಡನೆ ಮೇಲೆತ್ತಿ; ಎಳೆತದ ಬಲ ತೋಳಿನಿಂದಲ್ಲ, ತಿರುಗುವ ಮುಂಡದಿಂದ ಬರಲಿ. ನನ್ನ ಮಟ್ಟಿಗೆ, ದುಬಾರಿ ಹುಟ್ಟಿಗಿಂತ ಈ ಅಭ್ಯಾಸದಿಂದ ಆಗುವ ಉಪಕಾರವೇ ದೊಡ್ಡದು.

ನಿಮ್ಮ ಎತ್ತರಕ್ಕೂ ದೋಣಿಯ ಅಗಲಕ್ಕೂ 220 ಸೆಂ.ಮೀ. ಸಾಕು. ಮುಂದೆ ಕೊಳ್ಳುವಾಗ ಉದ್ದದ ಜೊತೆಗೆ ಅಲಗಿನ ವಿಸ್ತಾರವನ್ನೂ ನೋಡಿ: ದೊಡ್ಡ ಅಲಗು ಒಂದೇ ಎಳೆತಕ್ಕೆ ಹೆಚ್ಚು ನೀರನ್ನು ಹಿಡಿಯುತ್ತದೆ, ಹಾಗಾಗಿ ದೂರದ ನಿಧಾನ ಪಯಣಕ್ಕೆ ಚಿಕ್ಕದೇ ಹಿತ. ಅಂಗೈ ಚಿಕ್ಕದಾಗಿದ್ದರೆ ಸಣ್ಣ ಸುತ್ತಳತೆಯ ಹಿಡಿಯನ್ನೇ ಆರಿಸಿ.

ಕಾರ್ಬನ್ ಫೈಬರ್ ಎಳೆತಕ್ಕೆ ಗಟ್ಟಿ, ಆದರೆ ಬಂಡೆಯ ಚೂಪಾದ ಪೆಟ್ಟಿಗೆ ಬಿರುಕು ಬಿಡಬಲ್ಲದು. ದಡಕ್ಕೆ ಊರಿ ದೋಣಿಯನ್ನು ತಳ್ಳಲು ಹುಟ್ಟನ್ನು ಬಳಸಬೇಡಿ. ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವುದರಿಂದ ಗುಡುಗು ಕೇಳಿದೊಡನೆ ದಡ ಸೇರುವುದು ಇನ್ನೂ ಮುಖ್ಯ. ಉಪ್ಪುನೀರಿನಲ್ಲಿ ಬಳಸಿದ ಮೇಲೆ ಜೋಡಣೆಯನ್ನು ಬಿಡಿಸಿ ಸಿಹಿನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಉಪ್ಪು, ಮರಳು ಸೇರಿ ಅದು ಬಿಗಿದುಕೊಳ್ಳುತ್ತದೆ.

ಈ ಬದಲಾವಣೆಗಳ ನಂತರವೂ ನೋವು ಉಳಿದರೆ ಅಥವಾ ಬೆರಳುಗಳು ಜೋಮು ಹಿಡಿದರೆ, ಹುಟ್ಟನ್ನು ಕೆಳಗಿಟ್ಟು ವೈದ್ಯರನ್ನು ಕಾಣಿರಿ.