ಮುರಕಲ್ಲಿನ ಹಳೆಯ ಮನೆಗೆ ಗೆದ್ದಲು ಹಿಡಿದರೆ ಏನು ಮಾಡಬೇಕು?

ಕಾಸರಗೋಡಿನಲ್ಲಿ ಮುರಕಲ್ಲಿನಿಂದ (ಜಂಬಿಟ್ಟಿಗೆ ಕಲ್ಲಿನಿಂದ) ಕಟ್ಟಿದ ಹಳೆಯ ಮನೆಯೊಂದರ ದಾರಂದ (ಬಾಗಿಲಿನ ಚೌಕಟ್ಟು) ಮತ್ತು ಪಕ್ಕಾಸುಗಳಿಗೆ (ಮಾಡನ್ನು ಹೊರುವ ಮರದ ಪಟ್ಟಿಗಳಿಗೆ) ಗೆದ್ದಲು ಹಿಡಿದಿದ್ದು, ಸೀಮೆಎಣ್ಣೆ ಬಳಿದರೂ ಅದು ಮರಳಿ ಬರುತ್ತಿದೆ ಎಂದು ಕೇಳಿದ್ದೀರಿ. ಸೀಮೆಎಣ್ಣೆ ತಾಗಿದ ಹುಳುಗಳಷ್ಟೇ ಸಾಯುತ್ತವೆ. ರಾಣಿಯಿರುವ ಗೂಡು ಸಾಮಾನ್ಯವಾಗಿ ನೆಲದೊಳಗೆ ಉಳಿದಿರುವುದರಿಂದ, ಕೆಲಸಗಾರ ಹುಳುಗಳು ಮುರಕಲ್ಲಿನ ಸಂದುಗಳ ಮೂಲಕ ಮತ್ತೆ ಮಣ್ಣಿನ ದಾರಿ ಕಟ್ಟಿಕೊಂಡು ಮೇಲೇರುತ್ತವೆ. ಆದುದರಿಂದ ಚಿಕಿತ್ಸೆ ಬೇಕಾಗಿರುವುದು ಮರಕ್ಕಿಂತ ಹೆಚ್ಚಾಗಿ ಮಣ್ಣಿಗೆ.

ಗೋಡೆ ಮತ್ತು ನೆಲ ಕೂಡುವಲ್ಲಿ ಸುಮಾರು 30 ಸೆಂಟಿಮೀಟರಿಗೊಂದರಂತೆ 12 ಮಿಲಿಮೀಟರ್ ವ್ಯಾಸದ ತೂತು ಕೊರೆದು, ಗೆದ್ದಲು ನಿಯಂತ್ರಣಕ್ಕೆಂದು ಅನುಮತಿ ಪಡೆದ ಕೀಟನಾಶಕವನ್ನು ಡಬ್ಬದ ಮೇಲೆ ಸೂಚಿಸಿದ ಪ್ರಮಾಣದಲ್ಲಿ ನೀರಿಗೆ ಬೆರೆಸಿ ತುಂಬಿಸಿ, ಬಳಿಕ ಸಿಮೆಂಟಿನಿಂದ ಮುಚ್ಚುವುದು ರೂಢಿಯಲ್ಲಿರುವ ಕ್ರಮ. ಅಂಗಳದಲ್ಲೇ ಕುಡಿಯುವ ನೀರಿನ ಬಾವಿಯಿರುವ ನಮ್ಮ ಕಡೆಯ ಮನೆಗಳಲ್ಲಿ ಈ ಕೆಲಸವನ್ನು ಸ್ವತಃ ಮಾಡದೆ, ಬಾವಿಯ ವಿಷಯವನ್ನು ಮೊದಲೇ ತಿಳಿಸಿ, ಪರವಾನಗಿಯುಳ್ಳವರಿಂದ ಮಳೆಯಿಲ್ಲದ ದಿನಗಳಲ್ಲಿ ಮಾಡಿಸುವುದೇ ಸರಿ.

ಮಣ್ಣಿನ ದಾರಿಯನ್ನು ಕೆರೆದು ತೆಗೆದ ಜಾಗವನ್ನು ವಾರಕ್ಕೊಮ್ಮೆ ನೋಡುತ್ತಿದ್ದರೆ, ಹುಳು ಜೀವಂತವಾಗಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ತಡೆಗಟ್ಟುವ ಮಾತಿಗೆ ಬಂದರೆ, ಗೋಡೆಗೆ ಒತ್ತಿ ಪೇರಿಸಿಟ್ಟ ಸೌದೆ, ತೆಂಗಿನ ಮಡಲು ಮತ್ತು ಅಡಿಕೆ ಹಾಳೆಗಳ ರಾಶಿಯೇ ನಮ್ಮಲ್ಲಿ ಗೆದ್ದಲಿಗೆ ಮುಖ್ಯ ಆಹ್ವಾನ. ಅದನ್ನು ದೂರ ಸರಿಸಬೇಕು, ಬಚ್ಚಲಿನ ಸೋರಿಕೆಯನ್ನು ನಿಲ್ಲಿಸಬೇಕು. ದಾರಂದ ಬದಲಿಸುವುದಾದರೆ ಹಲಸಿನ ಅಥವಾ ತೇಗದ ಮರದ ತಿರುಳನ್ನಷ್ಟೇ (ಒಳಗಿನ ಗಟ್ಟಿ ಭಾಗವನ್ನಷ್ಟೇ) ಬಳಸಿರಿ. ಹೊರಗಿನ ಬಿಳಿಭಾಗ ಯಾವ ಮರದ್ದಾದರೂ ಗೆದ್ದಲಿಗೆ ಸುಲಭದ ತುತ್ತು.